ಬಿಲ್ಲಿನ ಅಂಟು: ಬೆರಕೆಯೂ ಚರ್ಮರಕ್ಷಣೆಯೂ

ಮರದ ತೆಳುಪಟ್ಟಿಗಳನ್ನೂ ಗಾಜಿನೆಳೆಯ ಪಟ್ಟಿಗಳನ್ನೂ ಒಂದರ ಮೇಲೊಂದು ಅಂಟಿಸಿ ಮನೆಯಲ್ಲಿಯೇ ಬಿಲ್ಲು ತಯಾರಿಸುವ ಹವ್ಯಾಸಿಗಳು ಅಮೆರಿಕದಲ್ಲಿ ಬಹಳ. ಹಿಂದಿನ ತುರ್ಕಿ ಕುಶಲಿಗರು ಬಳಸುತ್ತಿದ್ದ ಪ್ರಾಣಿಜನ್ಯ ಸರೇಸಿನ ಸ್ಥಾನವನ್ನು ಅಲ್ಲಿ ಎಪಾಕ್ಸಿ ಆಕ್ರಮಿಸಿದೆ. 1946ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಳಕಿಗೆ ಬಂದ ಅರಾಲ್ಡೈಟ್ ಇದೇ ಜಾತಿಯದು.

ಗಟ್ಟಿಕಾರಕವನ್ನು ಹೆಚ್ಚು ಸುರಿದರೆ ಅಂಟು ಬೇಗ ಬಿಗಿಯುವುದೆಂಬುದು ತಪ್ಪು ತಿಳಿವಳಿಕೆ. ರಾಳದೊಡನೆ ಅದು ಗೊತ್ತಾದ ಪ್ರಮಾಣದಲ್ಲಿ ಮಾತ್ರ ಕೂಡುತ್ತದೆ. ಮಿಕ್ಕದ್ದು ಹಾಗೆಯೇ ಉಳಿದು ಬೆಸುಗೆಯನ್ನು ದುರ್ಬಲಗೊಳಿಸುತ್ತದೆ. ಎಳೆದ ಬಿಲ್ಲಿನ ಪದರ ಬಿಚ್ಚಿದರೆ ಚೂರು ಸಿಡಿಯುವುದು ಮುಖದ ಬಳಿಯಲ್ಲಿಯೇ! ಎರಡು ದ್ರವಗಳ ಸಾಂದ್ರತೆ ಬೇರೆಯಾದುದರಿಂದ ತೂಕದ ಪ್ರಮಾಣವೇ ಬೇರೆ, ಅಳತೆಯ ಪ್ರಮಾಣವೇ ಬೇರೆ. ತಯಾರಕರ ಸೂಚನೆಯನ್ನು ಓದಿ ತಕ್ಕಡಿಯಲ್ಲಿ ತೂಗುವುದು ಲೇಸು. ತಳ, ಅಂಚುಗಳನ್ನು ಕೆರೆದು ಕಲಸಿ, ಕೂಡಲೇ ಅಗಲವಾದ ತಟ್ಟೆಗೆ ಸುರಿಯಬೇಕು. ಬಟ್ಟಲಿನಲ್ಲಿ ರಾಶಿಯಾಗಿ ನಿಂತ ಮಿಶ್ರಣವು ತನ್ನ ಕಾವಿನಿಂದಲೇ ಹೊಗೆಯಾಡಬಹುದು.

ಹಸಿ ಎಪಾಕ್ಸಿ ಪದೇ ಪದೇ ತಗುಲಿದರೆ ಕೆಲವರಿಗೆ ತುರಿಕೆ, ಗುಳ್ಳೆಗಳೇಳುತ್ತವೆ. ಈ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪರ್ಯಂತ ಬಿಡದು. ಅನಂತರ ಒಂದು ತೊಟ್ಟೂ ಸಾಕು. ಕೈಯನ್ನು ಥಿನ್ನರಿನಿಂದ ಒರೆಸುವ ರೂಢಿ ಅಪಾಯಕರ: ಅದು ಚರ್ಮದ ಜಿಡ್ಡನ್ನು ತೆಗೆದು ವಿಷಕ್ಕೆ ದಾರಿ ಮಾಡುತ್ತದೆ. ನೈಟ್ರೈಲ್ ಗ್ಲೌಸು ಧರಿಸಬೇಕು. ತಗುಲಿದಲ್ಲಿ ಸಾಬೂನು, ನೀರು. ಒಡೆದ ಬಕೆಟ್ಟಿಗೆ ಮನೆಯಲ್ಲಿ ಅರಾಲ್ಡೈಟ್ ಹಚ್ಚುವವರಿಗೂ ಇದು ಅನ್ವಯಿಸುತ್ತದೆ. ಕಲಸಿದ ಚಮಚ ಮರಳಿ ಅಡಿಗೆಮನೆಗೆ ಹೋಗಕೂಡದು.