ಸೈಕಲ್ ಪಟು ಡೇನಿಯಲ್ ಮೊರೆಲೊನ್

ಸೈಕಲ್ ಪಂದ್ಯವೆಂದೊಡನೆ, ಹೊರಟ ಗಳಿಗೆಯಿಂದಲೇ ಬಲವೆಲ್ಲವನ್ನೂ ಕಾಲಿಗೆ ಕೊಟ್ಟು ತುಳಿಯುವುದೆಂದು ನಮ್ಮ ಮಕ್ಕಳು ಭಾವಿಸುವರು. ನಾಟ್ರಾಂಪಾಳ್ಯದ ಏರುದಾರಿಗಳಲ್ಲಿ ತುಳಿದವರಿಗೆ ಹಾಗೆ ತೋರುವುದು ಸಹಜವೇ. ಆದರೆ 'ಸ್ಪ್ರಿಂಟ್' ಎಂಬ ಪಂದ್ಯದ ರೀತಿಯೇ ಬೇರೆ. ಬಾಣಲೆಯ ಅಂಚಿನಂತೆ ಒಳಕ್ಕೆ ಇಳಿಜಾರಾಗಿ ಕಟ್ಟಿದ ಸುತ್ತುಹಾದಿಯಲ್ಲಿ ಸಾಮಾನ್ಯವಾಗಿ ಇಬ್ಬರೇ ಸ್ಪರ್ಧಿಗಳು. ಅವರ ಸೈಕಲ್ಲುಗಳಿಗೆ ಬ್ರೇಕುಗಳಿಲ್ಲ. ಚಕ್ರವು ಉರುಳುವಷ್ಟು ಕಾಲವೂ ಪೆಡಲು ತಿರುಗುತ್ತಲೇ ಇರುವುದು. (ಹನ್ನೊಂದನೆಯ ತರಗತಿಯಲ್ಲಿ ಸರಕಾರವು ಕೊಡುವ ಸೈಕಲ್ಲಿನ ಬ್ರೇಕುಗಳನ್ನು ಮಾತ್ರ ಯಾರೂ ಕಳಚತಕ್ಕದ್ದಲ್ಲ!) ಮುಂದಿರುವವನು ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಹಿಂದಿನವನು ಆ ಮರೆಯಲ್ಲಿ ಶಕ್ತಿಯನ್ನು ಉಳಿಸಿಕೊಂಡು ಕಡೆಯಲ್ಲಿ ಮುನ್ನುಗ್ಗುವನು. ಆದುದರಿಂದ ಇಬ್ಬರಿಗೂ ಹಿಂದೆ ಉಳಿಯುವ ಆಸೆ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಇಟಲಿಯ ಪೆಟೆನೆಲ್ಲಾ, ಫ್ರಾನ್ಸಿನ ಟ್ರೆಂಟಿನ್ ಎಂಬವರು ಸೈಕಲ್ಲಿನ ಮೇಲೆಯೇ 21 ನಿಮಿಷ 57 ಸೆಕೆಂಡುಗಳ ಕಾಲ ಇದ್ದಲ್ಲಿಯೇ ನಿಂತುಬಿಟ್ಟರು.

ಅದೇ ಕೂಟದಲ್ಲಿ 20 ವರ್ಷದ ಡೇನಿಯಲ್ ಮೊರೆಲೊನ್ ಕಂಚಿನ ಪದಕವನ್ನು ಪಡೆದನು. ಈತನು 1944ರಲ್ಲಿ ಫ್ರಾನ್ಸಿನ ಬೂರ್-ಆಂ-ಬ್ರೆಸ್ ಪಟ್ಟಣದಲ್ಲಿ ಜನಿಸಿದವನು. ಎದುರಾಳಿಯು ಯಾವ ಕ್ಷಣದಲ್ಲಿ ಹೊರಡುವನೆಂಬುದನ್ನು ಹೊಂಚಿ ನೋಡುತ್ತ, ಅವಸರಪಡದೆ, ಬಂದ ಸಮಯವನ್ನು ಬಿಡದೆ ಹಿಡಿಯಬೇಕಾದ ಈ ಆಟದಲ್ಲಿ ಆತನಿಗೆ ಸರಿಸಮರು ವಿರಳ. 1966ರಿಂದ 1975ರವರೆಗಿನ ಹತ್ತು ವರ್ಷಗಳಲ್ಲಿ ಏಳು ಬಾರಿ ಹವ್ಯಾಸಿಗಳ ವಿಶ್ವಚಾಂಪಿಯನ್ ಪದವಿಯು ಆತನದಾಯಿತು. 1968ರಲ್ಲಿ ಮೆಕ್ಸಿಕೋ ನಗರದಲ್ಲಿ ಸ್ಪ್ರಿಂಟಿನ ಚಿನ್ನವಲ್ಲದೆ, ಅದೇ ಟ್ರೆಂಟಿನ್ನನೊಡನೆ ಇಬ್ಬರು ತುಳಿಯುವ ಜೋಡಿಸೈಕಲ್ಲಿನ ಚಿನ್ನವನ್ನೂ ಗೆದ್ದನು. 1972ರಲ್ಲಿ ಮ್ಯೂನಿಕ್ಕಿನಲ್ಲಿ ಸ್ಪ್ರಿಂಟಿನ ಚಿನ್ನವು ಮತ್ತೆ ಆತನಿಗೇ ದೊರೆಯಿತು.

1976ರಲ್ಲಿ ಮಾಂಟ್ರಿಯಲ್ಲಿಗೆ ಹೋದಾಗ ಮೊರೆಲೊನ್ನನಿಗೆ ವಯಸ್ಸು 32. ಸತತವಾಗಿ ಮೂರನೆಯ ಸಲ ಚಿನ್ನ ದೊರೆಯುವುದೆ? ಅಂತಿಮ ಸ್ಪರ್ಧೆಯಲ್ಲಿ ಎದುರಾದವನು ಚೆಕೊಸ್ಲೊವಾಕಿಯದ ಅಂಟನ್ ಟ್ಕಾಚ್. ಮೂರು ಓಟಗಳಲ್ಲಿ ಎರಡನ್ನು ಗೆದ್ದವನಿಗೆ ಜಯ. ಇಬ್ಬರೂ ಒಂದೊಂದು ಗೆದ್ದು ಸಮಸಮವಾದರು. ಮೂರನೆಯ ಓಟವು ಟ್ಕಾಚನ ಪಾಲಾಯಿತು. ಆದರೂ ಟೋಕಿಯೊ ಮೊದಲ್ಗೊಂಡು ನಾಲ್ಕು ಒಲಿಂಪಿಕ್ಸುಗಳಲ್ಲಿಯೂ ಸ್ಪ್ರಿಂಟಿನ ಪದಕವಿಲ್ಲದೆ ಹಿಂದಿರುಗದವನ ಈ ಬೆಳ್ಳಿಯನ್ನು ನಾವು ಚಿನ್ನಕ್ಕಿಂತ ಬಹಳ ಕಡಿಮೆಯೆಂದು ಎಣಿಸಲಾರೆವು.

ಮುಂದೆ ಮೊರೆಲೊನ್ ಫ್ರಾನ್ಸಿನ ತರಬೇತುದಾರನಾದನು. ಆತನ ಕೈಕೆಳಗೆ ಕಲಿತ ಫೆಲಿಸಿಯಾ ಬಾಲಾಂಜೆ ಎಂಬ ತರುಣಿಯು 1992ರ ಬಾರ್ಸಿಲೋನಾದಲ್ಲಿ ನಾಲ್ಕನೆಯವಳಾಗಿ ಬರಿಗೈಯಲ್ಲಿ ಮರಳಿದ್ದಳು. ಆಕೆಯೇ 1996ರಲ್ಲಿ ಅಟ್ಲಾಂಟಾದಲ್ಲಿ ಒಂದು, 2000ದಲ್ಲಿ ಸಿಡ್ನಿಯಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದಳು.