ರೇಸಿನ ಜರ್ಸಿಗೆ ಎಷ್ಟು ಕೊಡಬೇಕು?

ಭಂಕೂರಿನ ಓಣಿಗಳಿಗೆ ಹಳೆ ಬಟ್ಟೆಗೆ ಭಾಂಡೆ ಕೊಡುವ ಹೆಂಗಸರು ಬರುತ್ತಾರೆ. ಸೀರೆ, ಪ್ಯಾಂಟು ಇದ್ದರೆ ಪಾತ್ರೆ ಸಿಗುತ್ತದೆ. ಬನಿಯನ್ನಿನಂಥ ಹೆಣೆದ ಬಟ್ಟೆಯನ್ನು ಅವರು ಬುಟ್ಟಿಗೆ ಹಾಕಿಕೊಳ್ಳುವುದಿಲ್ಲ. ಹಳೆಯ ಸೈಕಲ್ ರೇಸಿನ ಜರ್ಸಿಗಳ ಗತಿಯೂ ಇದೇ. ಎದೆಯ ಮೇಲೆ ರಾಜ್ಯದ ಹೆಸರು ಹೊತ್ತು ಓಡಿದ ಅಂಗಿ ಕೊನೆಗೆ ಬೈಕ್ ಒರೆಸುವ ಅರಿವೆಯಾಗುತ್ತದೆ. ನಾನು ಕೂಡಿಸುವುದು ಇಂಥ ಜರ್ಸಿಗಳನ್ನೇ, ಅದೂ ರೊಕ್ಕ ಕೊಟ್ಟು. ಸಂಬಳದ ಮೇಲೆ ಸಂಸಾರ ನಡೆಸುವವರು ಇಂಥದ್ದಕ್ಕೆ ಎಷ್ಟು ಕೊಡಬೇಕು, ಎಲ್ಲಿಂದ ಕೊಡಬೇಕು ಎಂಬುದು ಈ ಸಲದ ಮಾತು.

ಯುರೋಪಿನಲ್ಲಿ ಇದಕ್ಕೊಂದು ಪೇಟೆಯೇ ಇದೆ. ಟೂರ್ ದ ಫ್ರಾನ್ಸ್‌ನಲ್ಲಿ ಹಳದಿ ಜರ್ಸಿ ಬಂದದ್ದು 1919ರಲ್ಲಿ, ಇಟಲಿಯ ಜಿರೋದಲ್ಲಿ ಗುಲಾಬಿ ಜರ್ಸಿ ಬಂದದ್ದು 1931ರಲ್ಲಿ. ಎರಡೂ ಬಣ್ಣ ಆ ರೇಸುಗಳನ್ನು ನಡೆಸುತ್ತಿದ್ದ ಪತ್ರಿಕೆಗಳ ಕಾಗದದ ಬಣ್ಣ. ಎಡ್ಡಿ ಮರ್ಕ್ಸ್ ತೊಡುತ್ತಿದ್ದ ಮೊಲ್ಟೆನಿ ತಂಡದ ಉಣ್ಣೆ ಜರ್ಸಿಗೆ ಇಂದಿಗೂ ಬೇಡಿಕೆಯಿದೆ, ಹಾಗೆಯೇ ಹೊಸದಾಗಿ ಹೆಣೆದ ಪ್ರತಿಗಳೂ ಬೇಕಾದಷ್ಟಿವೆ. ಆದ್ದರಿಂದ ಬೆಲೆ ನಿಂತಿರುವುದು ಪುರಾವೆಯ ಮೇಲೆ. ಗೆದ್ದವರಿಗೆ ವೇದಿಕೆಯಲ್ಲಿ ತೊಡಿಸುವ ಹಳದಿ ಜರ್ಸಿಗೆ ಬೆನ್ನಿನ ಕಡೆ ಜಿಪ್ ಇರುತ್ತದೆ, ರಸ್ತೆಯಲ್ಲಿ ತೊಟ್ಟು ಓಡುವುದಕ್ಕೆ ಮುಂದೆ. ಬೆನ್ನ ಜಿಪ್ಪಿನದನ್ನು ರೇಸಿನಲ್ಲಿ ಓಡಿದ್ದು ಎಂದು ಯಾರಾದರೂ ಮಾರಲು ಬಂದರೆ ದೂರ ಸರಿಯಿರಿ. ಅಲ್ಲಿಂದ ತರಿಸುವ ಗೊಡವೆಗೆ ನಾನು ಹೋಗುವುದಿಲ್ಲ. ತೊಟ್ಟ ಬಟ್ಟೆಯ ಆಮದಿಗೆ ನಮ್ಮಲ್ಲಿ ನಿರ್ಬಂಧವಿದೆ. ಅದರ ಮೇಲೆ ಕಾರ್ಡಿನಲ್ಲಿ ವಿದೇಶಿ ಹಣ ಕಟ್ಟಿದ್ದಕ್ಕೆ ಬ್ಯಾಂಕಿನ ಶುಲ್ಕ, ಕಳಿಸುವ ಖರ್ಚು. ಇಷ್ಟೆಲ್ಲ ಕೊಟ್ಟರೂ ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಕೊಂಡಂತೆ.

ಕರ್ನಾಟಕದ ಸೈಕಲ್ ರೇಸಿನ ತವರು ನಮಗೆ ಹತ್ತಿರದಲ್ಲೇ ಇದೆ. ವಿಜಯಪುರದ ಕ್ರೀಡಾ ವಸತಿನಿಲಯದಲ್ಲಿ ಪಳಗಿದವರು, ಬಾಗಲಕೋಟೆ ಕಡೆಯ ಹಳ್ಳಿ-ತಾಂಡಾಗಳಿಂದ ಬಂದವರು ರಾಷ್ಟ್ರೀಯ ಕೂಟಗಳಲ್ಲಿ ಪದಕ ಗೆದ್ದಿದ್ದಾರೆ. ಎಷ್ಟೋ ಮಂದಿಗೆ ಅದೇ ಆಟ ರೈಲ್ವೆಯಲ್ಲೋ ಸೇನೆಯಲ್ಲೋ ನೌಕರಿ ಕೊಡಿಸಿದೆ. ಅವರ ಮನೆಯ ಟ್ರಂಕಿನ ತಳದಲ್ಲಿ ಜರ್ಸಿಗಳಿರುತ್ತವೆ.

ಅಂಥದ್ದೊಂದು ಈಗ ನನ್ನ ಮುಂದಿದೆ. ಉಣ್ಣೆಯಲ್ಲ, ಅಕ್ರಿಲಿಕ್. ಬೆನ್ನಿನ ಕೆಳಗೆ, ಸೊಂಟದ ಎರಡೂ ಮಗ್ಗುಲಿಗೆ ನಾಲ್ಕು ನಾಲ್ಕು ಸಣ್ಣ ತೂತು. ನಂಬರ್ ಚೀಟಿಗೆ ಚುಚ್ಚಿದ ಪಿನ್ನಿನವು. ಒಂದು ತೂತಿನ ಸುತ್ತ ತುಕ್ಕಿನ ಕಲೆ. ಬಾಳೆಹಣ್ಣು, ನೀರಿನ ಬಾಟಲಿ ತುರುಕಿ ತುರುಕಿ ಹಿಂದಿನ ಜೇಬುಗಳ ಬಾಯಿ ಜೋತುಬಿದ್ದಿದೆ. ಎಡ ತೊಡೆಯ ಮೇಲ್ಭಾಗಕ್ಕೆ ಬರುವ ಅಂಚು ಡಾಂಬರಿಗೆ ಉಜ್ಜಿ ಹರಿದಿತ್ತು. ಮನೆಯಲ್ಲಿ ಇದ್ದ ಬಣ್ಣದ ದಾರದಲ್ಲಿ ಯಾರೋ ರಫು ಮಾಡಿದ್ದಾರೆ. ಅಂಗಡಿಯಲ್ಲಿ ಮಡಚಿಟ್ಟ ಜರ್ಸಿಗೆ ಈ ಗುರುತುಗಳು ಬರುವುದು ಸಾಧ್ಯವಿಲ್ಲ.

"ಹಳೀ ಅಂಗಿಗೆ ರೊಕ್ಕ ಯಾಕ್ರಿ ಸರ, ಹಂಗ ಒಯ್ರಿ" ಎಂದರು ಅದರ ಒಡೆಯರು. ಹಾಗೆ ಒಯ್ಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೇಟೆಯೇ ಇಲ್ಲದ ವಸ್ತುವಿನ ಬೆಲೆಯನ್ನು ಕೊಳ್ಳುವವನೇ ನ್ಯಾಯವಾಗಿ ಕಟ್ಟಬೇಕಾಗುತ್ತದೆ. ನಾನು ಹಿಡಿದಿರುವ ಅಳತೆ ಇಷ್ಟೆ: ಒಂದು ಒಳ್ಳೆಯ ಹೊಸ ಜರ್ಸಿಗೆ ಇವತ್ತು ಅಂಗಡಿಯಲ್ಲಿ ಎಷ್ಟೋ, ಹಳೆಯದಕ್ಕೆ ಅಷ್ಟಾದರೂ. ಕೊಟ್ಟ ಮೇಲೆ ಒಂದು ಹಾಳೆಯಲ್ಲಿ ರೇಸಿನ ಹೆಸರು, ವರ್ಷ, ಊರು, ನಂಬರು, ಕೊಟ್ಟ ಹಣ ಬರೆದು ಅವರ ಸಹಿ ಪಡೆಯುತ್ತೇನೆ; ಜರ್ಸಿ ಹಿಡಿದುಕೊಂಡ ಅವರ ಫೋಟೊವನ್ನೂ. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದಂಥ ಈಚಿನ ಓಟಗಳಿಗೆ ಫೋಟೊ, ಫಲಿತಾಂಶದ ಪಟ್ಟಿ ಎಲ್ಲ ಸಿಗುತ್ತವೆ. ಮೂವತ್ತು ವರ್ಷ ಹಿಂದಿನ ಓಟಕ್ಕೆ ಓಡಿದವರ ನೆನಪೇ ದಾಖಲೆ. ಅವರು ಇರುವಾಗಲೇ ಅದು ಕಾಗದಕ್ಕೆ ಇಳಿಯಬೇಕು. ಚಾಂಪಿಯನ್ ಪಟ್ಟದ ಜರ್ಸಿಯನ್ನು ಮಾತ್ರ ನಾನು ಕೇಳುವುದಿಲ್ಲ. ಅದು ಗೆದ್ದವರ ಮನೆಯಲ್ಲೇ ಇರಲಿ, ನುಸಿ ಹತ್ತದಂತೆ ಇಡುವುದು ಹೇಗೆಂದು ಹೇಳಿ ಬರುತ್ತೇನೆ.

ಹಣ ಬರುವುದು ಒಂದು ವರ್ಷದ ಬ್ಯಾಂಕ್ ಆರ್‌ಡಿಯಿಂದ. ಅದು ಮುಗಿದಾಗ ಕೈಗೆ ಬಂದಷ್ಟೇ ಆ ವರ್ಷದ ಖರೀದಿ. ಜೂನ್ ತಿಂಗಳಲ್ಲಿ ಮಕ್ಕಳ ಫೀ, ಹೊಲಕ್ಕೆ ತೊಗರಿ ಬೀಜ ಎರಡೂ ಒಟ್ಟಿಗೆ ಬರುತ್ತವೆ. ಆಗ ಎಂಥ ಜರ್ಸಿ ಸಿಕ್ಕರೂ ಕಾಯಲು ಹೇಳುತ್ತೇನೆ. ಇದನ್ನು ಉಳಿತಾಯವೆಂದು ಬರೆದಿಡಬೇಡಿ. ಒಂದು ತೊಲ ಬಂಗಾರವನ್ನು ಕಲಬುರಗಿಯಲ್ಲಿ ಯಾವ ದಿನವಾದರೂ ಮಾರಬಹುದು, ಅಡವಿಟ್ಟು ಸಾಲವನ್ನೂ ತೆಗೆಯಬಹುದು. ಜರ್ಸಿಯ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಇನ್ನು ತೆರಿಗೆ: ಸ್ವಂತ ಬಳಕೆಯ ಉಡುಪನ್ನು ಕಾನೂನು ಬಂಡವಾಳ ಆಸ್ತಿಯಿಂದ ಹೊರಗಿಡುತ್ತದೆ ನಿಜ. ಆದರೆ ಮಾರಲೆಂದೇ ಕೊಂಡಿಟ್ಟ ಜರ್ಸಿಗೆ ಆ ವಿನಾಯಿತಿ ಕೇಳುವುದು ಕಷ್ಟ. ಮನೆಯ ಖರ್ಚಿನ ಪುಸ್ತಕದಲ್ಲಿ ನಾನಿದನ್ನು ಖರ್ಚಿನ ಕಡೆಯೇ ಬರೆಯುತ್ತೇನೆ.

ಕಾಪಾಡಲು ಹೆಚ್ಚು ಬೇಡ. ಶಹಾಬಾದ್ ಸುತ್ತ ಫರಸಿ ಕಲ್ಲಿನ ಧೂಳು ಎಲ್ಲೆಲ್ಲೂ ನುಗ್ಗುತ್ತದೆ, ಹಾಗಾಗಿ ಕಬ್ಬಿಣದ ಟ್ರಂಕು. ತಣ್ಣೀರಲ್ಲಿ ಒಮ್ಮೆ ಒಗೆಯಬೇಕು. ಬೆವರು ಉಳಿದ ಉಣ್ಣೆಗೆ ಹುಳ ಬೇಗ ಹತ್ತುತ್ತದೆ. ಹ್ಯಾಂಗರಿಗೆ ತೂಗುಹಾಕಿದರೆ ಹೆಣಿಗೆ ಜಗ್ಗಿ ಉದ್ದವಾಗುತ್ತದೆ. ಹಳೆಯ ಧೋತರದಲ್ಲಿ ಸುತ್ತಿ ಅಡ್ಡ ಮಡಚಿಡಿ.

ಈ ವರ್ಷದ ಆರ್‌ಡಿ ದಸರೆಗೆ ಮುಗಿಯುತ್ತದೆ. ರೈಲ್ವೆ ತಂಡಕ್ಕೆ ಓಡಿ ಈಗ ನಿವೃತ್ತರಾಗಿರುವ ಬಾಗಲಕೋಟೆಯ ಹಿರಿಯರೊಬ್ಬರು ಬರಹೇಳಿದ್ದಾರೆ. ಜರ್ಸಿಯ ಜೊತೆ ಆ ದಿನದ ಪತ್ರಿಕೆಯ ತುಣುಕೂ ಇದೆಯಂತೆ. ಇದ್ದರೆ, ನನ್ನ ಲೆಕ್ಕದಲ್ಲಿ ಅವರಿಗೆ ಐದುನೂರು ಹೆಚ್ಚು.