ಲಾಗಿನ್ ಗಟ್ಟಿ ಇದೆಯೇ? ‘ಪಾಸ್‌ವರ್ಡ್ ಮರೆತಿರಾ’ ಒತ್ತಿ ನೋಡಿ

2016ರ ಫೆಬ್ರುವರಿಯಲ್ಲಿ ಆನಂದ್ ಪ್ರಕಾಶ್ ಫೇಸ್‌ಬುಕ್‌ಗೆ ಒಂದು ದೋಷವನ್ನು ವರದಿ ಮಾಡಿದರು. ಆಗ ಅವರು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ ಭದ್ರತಾ ಎಂಜಿನಿಯರ್. ಪಾಸ್‌ವರ್ಡ್ ಮರೆತವರಿಗೆ ಫೇಸ್‌ಬುಕ್ 6 ಅಂಕಿಯ ಕೋಡ್ ಕಳಿಸುತ್ತಿತ್ತು. ಮುಖ್ಯ ತಾಣದಲ್ಲಿ ಹತ್ತು–ಹನ್ನೆರಡು ಸಲ ತಪ್ಪು ಕೋಡ್ ಹಾಕಿದರೆ ದಾರಿ ಬಂದ್. ಅದೇ ಸಂಸ್ಥೆಯ ಬೀಟಾ ತಾಣದಲ್ಲಿ ಮಾತ್ರ ಆ ಮಿತಿ ಹಾಕಿರಲಿಲ್ಲ. 6 ಅಂಕಿಗೆ ಇರುವುದು 10 ಲಕ್ಷ ಸಾಧ್ಯತೆ. ಪ್ರೋಗ್ರಾಂ ಬರೆದು ಒಂದೊಂದಾಗಿ ಹಾಕುತ್ತಾ ಹೋದರೆ ಯಾರ ಖಾತೆ ಬೇಕಾದರೂ ಕೈವಶ. ತಮ್ಮದೇ ಖಾತೆಯ ಮೇಲೆ ಇದನ್ನು ಮಾಡಿ ತೋರಿಸಿದ ಆನಂದ್‌ಗೆ ಫೇಸ್‌ಬುಕ್ 15,000 ಡಾಲರ್ ಬಹುಮಾನ ಕೊಟ್ಟಿತು.

ಲಾಗಿನ್ ಪೆಟ್ಟಿಗೆಯಲ್ಲಿ ಕುಂದೇನೂ ಇರಲಿಲ್ಲ. ಕುಂದು ಇದ್ದದ್ದು ಪಕ್ಕದ ದಾರಿಯಲ್ಲಿ. ನಮ್ಮ ಸಣ್ಣ ತಂಡಗಳ ಪರೀಕ್ಷೆಯೋ, ಸರಿಯಾದ ಪಾಸ್‌ವರ್ಡ್ ಹಾಕಿ ಒಳಹೋಗುವುದು, ತಪ್ಪು ಹಾಕಿ ಕೆಂಪು ಸಾಲು ಬಂತೇ ಎಂದು ನೋಡುವುದು, ಅಲ್ಲಿಗೆ ಮುಗಿಯಿತು. ಕಾಲೇಜಿನ ಪ್ರಾಜೆಕ್ಟ್ ಇರಲಿ, ಸಹಕಾರ ಸಂಘದ ಸದಸ್ಯರ ಪೋರ್ಟಲ್ ಇರಲಿ, ಕೆಳಗಿನ ಪರೀಕ್ಷೆಗಳನ್ನು ಮಾಡದೆ ಜನರ ಕೈಗೆ ಕೊಡಬಾರದು.

ಶುರು ಮಾಡುವ ಮುನ್ನ

ನಿಮ್ಮದಲ್ಲದ ತಾಣವಾದರೆ ಮಾಲೀಕರ ಒಪ್ಪಿಗೆ ಬರಹದಲ್ಲೇ ಇರಲಿ. ‘ಸುಮ್ಮನೆ ನೋಡಿದೆ’ ಎನ್ನುವ ಸಮಜಾಯಿಷಿ ನಡೆಯುವುದಿಲ್ಲ. ಅನುಮತಿಯಿಲ್ಲದೆ ಒಳಹೊಕ್ಕು ಅಪರಾಧ ಸಾಬೀತಾದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 66ರ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಜನ ಬಳಸುತ್ತಿರುವ ಸರ್ವರ್ ಬಿಟ್ಟು ಅದರ ಪರೀಕ್ಷಾ ನಕಲಿನ ಮೇಲೆ ಕೆಲಸ ಮಾಡಿ. ಎರಡು ಡಮ್ಮಿ ಖಾತೆ, ಎರಡು ಬ್ರೌಸರ್ ಇಟ್ಟುಕೊಳ್ಳಿ. ಎಫ್12 ಒತ್ತಿದರೆ ತೆರೆದುಕೊಳ್ಳುವ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ಅರ್ಧ ಕೆಲಸಕ್ಕೆ ಸಾಕು. ಉಳಿದರ್ಧಕ್ಕೆ ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನು ತಡೆದು ತಿದ್ದುವ ಝಾಪ್ ಎಂಬ ತಂತ್ರಾಂಶವಿದೆ, ಉಚಿತವಾಗಿ ಸಿಗುತ್ತದೆ. ಕೈ ಪಳಗಿಸಿಕೊಳ್ಳುವವರಿಗಾಗಿ ವೆಬ್ ಭದ್ರತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆ ಬೇಕೆಂದೇ ದೋಷ ತುಂಬಿ ಮಾಡಿಟ್ಟ ‘ಜ್ಯೂಸ್ ಶಾಪ್’ ಎಂಬ ತಾಣವೂ ಇದೆ.

1. ಖಾತೆ ತೆರೆಯುವಾಗ

ಮೊದಲು India@123 ಬಗೆಯ, ಯಾರಾದರೂ ಊಹಿಸಬಹುದಾದ ಪಾಸ್‌ವರ್ಡ್ ಕೊಟ್ಟು ನೋಡಿ. ದೊಡ್ಡಕ್ಷರ ಇದೆ, ಅಂಕಿ ಇದೆ, ಚಿಹ್ನೆ ಇದೆ. ನಿಯಮವೆಲ್ಲ ಪಾಲಿಸಿದೆ, ಆದರೂ ಕೆಲಸಕ್ಕೆ ಬಾರದ್ದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಈ ಬಗೆಯ ಕಡ್ಡಾಯ ಮಿಶ್ರಣವನ್ನೂ, ಆಗಾಗ ಪಾಸ್‌ವರ್ಡ್ ಬದಲಿಸುವ ಒತ್ತಾಯವನ್ನೂ ಕೈಬಿಡಲು ಹೇಳಿತು. ಅದು ಕೇಳುವುದು ಉದ್ದವನ್ನು: ಕನಿಷ್ಠ 8 ಅಕ್ಷರ, ಪಾಸ್‌ವರ್ಡ್ ಒಂದೇ ಕಾವಲಾಗಿದ್ದರೆ 2025ರ ಪರಿಷ್ಕರಣೆಯಂತೆ 15. ಕನಿಷ್ಠ 64 ಅಕ್ಷರದಷ್ಟು ಉದ್ದದ್ದನ್ನು ತಾಣ ಒಪ್ಪಬೇಕು. ಈಗಾಗಲೇ ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇರುವುದನ್ನು ತಿರಸ್ಕರಿಸಬೇಕು. ಪೇಸ್ಟ್ ಮಾಡಲು ಬಿಡದ ತಾಣಗಳು ಇನ್ನೂ ಇವೆ. ಇದು ಭದ್ರತೆಯಲ್ಲ, ಪಾಸ್‌ವರ್ಡ್ ಮ್ಯಾನೇಜರ್ ಬಳಸುವ ಜಾಣರಿಗೆ ಕೊಡುವ ಕಿರುಕುಳ.

ಮುಂದಿನದು, ‘ತೀರಾ ಚಿಕ್ಕದಾಯಿತು’ ಎಂದು ಪುಟ ತಡೆದಾಗ ಅಲ್ಲಿಗೆ ನಿಲ್ಲಬೇಡಿ. ಉದ್ದದ ಪಾಸ್‌ವರ್ಡ್ ಕೊಟ್ಟು, ಹೊರಟ ಕೋರಿಕೆಯನ್ನು ಝಾಪ್‌ನಲ್ಲಿ ಹಿಡಿದು, 3 ಅಕ್ಷರಕ್ಕೆ ತಿದ್ದಿ ಕಳಿಸಿ. ಸರ್ವರ್ ಒಪ್ಪಿಕೊಂಡರೆ ಕಾವಲು ಇದ್ದದ್ದು ಬ್ರೌಸರ್‌ನಲ್ಲಿ ಮಾತ್ರ ಎಂದಾಯಿತು.

2. ಕನ್ನಡದಲ್ಲೇ ಒಂದು ಪಾಸ್‌ವರ್ಡ್

ಇದನ್ನು ನಮ್ಮವರು ಪರೀಕ್ಷಿಸುವುದು ಅಪರೂಪ. ಪಾಸ್‌ವರ್ಡ್ ಬಚ್ಚಿಡಲು ಹೆಚ್ಚು ಬಳಕೆಯಲ್ಲಿರುವ ಬಿಕ್ರಿಪ್ಟ್ ವಿಧಾನ ಗಣನೆಗೆ ತೆಗೆದುಕೊಳ್ಳುವುದು ಮೊದಲ 72 ಬೈಟ್ ಮಾತ್ರ. ಇಂಗ್ಲಿಷ್‌ನಲ್ಲಿ ಅದು 72 ಅಕ್ಷರ. ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್. ಒತ್ತಕ್ಷರ, ಗುಣಿತದ ಚಿಹ್ನೆಗಳ ಲೆಕ್ಕ ಬೇರೆ. ಹಾಗಾಗಿ 24 ಸಂಕೇತಕ್ಕೆ ಜಾಗ ಮುಗಿಯುತ್ತದೆ.

‘ಮಳೆಗಾಲದಲ್ಲಿ ಹಲಸಿನಹಣ್ಣು ತಿಂದವರು ಯಾರು’ ಎಂದು ಪಾಸ್‌ವರ್ಡ್ ಇಡಿ. ಆಮೇಲೆ ‘ಮಳೆಗಾಲದಲ್ಲಿ ಹಲಸಿನಹಣ್ಣು ತಿನ್ನಬೇಡಿ’ ಎಂದು ಹಾಕಿ ಲಾಗಿನ್ ಆಗಿ. ಸದ್ದಿಲ್ಲದೆ ಕತ್ತರಿಸುವ ಲೈಬ್ರರಿಯಾದರೆ ಬಾಗಿಲು ತೆರೆದುಕೊಳ್ಳುತ್ತದೆ, ಏಕೆಂದರೆ ‘ತಿ’ ಆದಮೇಲಿನದ್ದು ಲೆಕ್ಕಕ್ಕೇ ಬಂದಿಲ್ಲ. ಲಾಗಿನ್ ಸೇವೆಯನ್ನೇ ಮಾರುವ ಆಕ್ಟಾ ಸಂಸ್ಥೆಗೂ 2024ರಲ್ಲಿ ಇದೇ 72 ಬೈಟ್ ತೊಡಕಾಯಿತು. ಅಲ್ಲಿ ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಸೇರಿಸಿ ಬಿಕ್ರಿಪ್ಟ್‌ಗೆ ಕೊಡುತ್ತಿದ್ದರು. ಹೆಸರು 52 ಅಕ್ಷರ ಅಥವಾ ಅದಕ್ಕಿಂತ ಉದ್ದವಿದ್ದು, ಹಿಂದಿನ ಲಾಗಿನ್‌ನ ಗುರುತು ಸರ್ವರ್‌ನಲ್ಲಿ ಉಳಿದಿದ್ದರೆ, ಕೆಲ ಸಂದರ್ಭಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಹೋಗಬಹುದಿತ್ತು.

ಇನ್ನೊಂದು ಸೂಕ್ಷ್ಮ. ‘ಕೊ’ ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒತ್ವದ ಒಂದೇ ಚಿಹ್ನೆಯಿಂದ, ಇಲ್ಲವೇ ಎತ್ವ ಮತ್ತು ದೀರ್ಘ ಊ ಕಾರದ ಚಿಹ್ನೆಗಳ ಜೋಡಿಯಿಂದ. ತೆರೆಯ ಮೇಲೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಸೌಲಭ್ಯದಿಂದ ಎರಡೂ ರೂಪಗಳನ್ನು ಪಡೆದು, ಒಂದರಲ್ಲಿ ಖಾತೆ ತೆರೆದು ಇನ್ನೊಂದರಲ್ಲಿ ಲಾಗಿನ್ ಮಾಡಿ. ಆಗದಿದ್ದರೆ, ಒಂದು ಕೀಲಿಮಣೆಯಲ್ಲಿ ಖಾತೆ ತೆರೆದವರು ಮತ್ತೊಂದರಲ್ಲಿ ಹೊರಗೇ ಉಳಿಯಬಹುದು.

3. ಡೇಟಾಬೇಸ್ ತೆರೆದು ನೋಡಿ

ಎರಡು ಡಮ್ಮಿ ಖಾತೆಗೂ ಒಂದೇ ಪಾಸ್‌ವರ್ಡ್ ಕೊಟ್ಟು ಕೋಷ್ಟಕ ನೋಡಿ. ಪಾಸ್‌ವರ್ಡ್ ಇದ್ದ ಹಾಗೇ ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಡೆವಲಪರ್‌ಗೆ ಫೋನ್ ಮಾಡಿ. ಎರಡು ಖಾತೆಯ ಹ್ಯಾಶ್ (ಪಾಸ್‌ವರ್ಡ್‌ನಿಂದ ತಯಾರಿಸಿ ಅದರ ಬದಲು ಇಡುವ ಅಕ್ಷರಸಾಲು) ಒಂದೇ ಆಗಿದ್ದರೂ ತಪ್ಪೇ: ಪ್ರತಿ ಖಾತೆಗೆ ಬೇರೆ ಬೇರೆಯಾಗಿ ಬೆರೆಸಬೇಕಾದ ಸಾಲ್ಟ್ ಅಲ್ಲಿಲ್ಲ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಹ್ಯಾಶ್‌ಗಳು ಸಾಲ್ಟ್ ಇಲ್ಲದವೇ, ಬೇಗನೆ ಬಯಲಾದವು. ಹ್ಯಾಶ್ 32 ಅಕ್ಷರವಿದ್ದರೆ ಎಂಡಿ5, 40 ಇದ್ದರೆ ಎಸ್‌ಎಚ್‌ಎ-1 ಎಂದು ಅನುಮಾನಿಸಬಹುದು. ಎರಡೂ ಈ ಕೆಲಸಕ್ಕೆ ಬೇಡ. ಬಿಕ್ರಿಪ್ಟ್ ಆದರೆ ಡಾಲರ್ ಚಿಹ್ನೆಯಿಂದ ಶುರುವಾಗಿ 60 ಅಕ್ಷರ ಇರುತ್ತದೆ. ಹೊಸದಾಗಿ ಕಟ್ಟುವವರಿಗೆ ಆರ್ಗಾನ್2 ಒಳ್ಳೆಯ ಆಯ್ಕೆ.

ಲಾಗ್ ಕಡತಗಳಲ್ಲಿ ನಿಮ್ಮ ಡಮ್ಮಿ ಪಾಸ್‌ವರ್ಡನ್ನು ಹುಡುಕುವುದನ್ನೂ ಮರೆಯಬೇಡಿ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಎಲ್ಲ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಲು ಹೇಳಿದ್ದು ಹ್ಯಾಶ್ ಆಗುವ ಮೊದಲೇ ಅವು ಒಳಗಿನ ಲಾಗ್‌ನಲ್ಲಿ ದಾಖಲಾಗುತ್ತಿದ್ದುದರಿಂದ.

4. ತಪ್ಪು ಲಾಗಿನ್

ಇಲ್ಲದ ಹೆಸರಿಗೂ ತಪ್ಪು ಪಾಸ್‌ವರ್ಡ್‌ಗೂ ಒಂದೇ ಉತ್ತರ ಬರಬೇಕು. ‘ಈ ಇಮೇಲ್ ನಮ್ಮಲ್ಲಿಲ್ಲ’ ಎಂದರೆ ಯಾರು ಸದಸ್ಯರು, ಯಾರಲ್ಲ ಎಂದು ಹೊರಗಿನವರಿಗೆ ತಿಳಿಸಿದಂತೆ. ಸತತ ತಪ್ಪುಗಳಿಗೆ ತಡೆ ಬೀಳಬೇಕು, ಆದರೆ ಖಾತೆ ಕಾಯಂ ಮುಚ್ಚಬಾರದು. ಮುಚ್ಚಿದರೆ ಆಗದವರ ಖಾತೆಗೆ ಬೀಗ ಹಾಕಿಸುವುದು ಆಟವಾಗುತ್ತದೆ. ಒಂದೇ ಪಾಸ್‌ವರ್ಡನ್ನು ನೂರು ಖಾತೆಗಳ ಮೇಲೆ ಒಂದೊಂದು ಸಲ ಹಾಕಿದಾಗಲೂ ತಡೆ ಬೀಳುತ್ತದೆಯೇ ನೋಡಿ. ಖಾತೆವಾರು ಲೆಕ್ಕ ಇಡುವ ತಾಣಗಳ ಕಣ್ಣಿಗೆ ಇದು ಬೀಳುವುದೇ ಇಲ್ಲ.

5. ‘ಪಾಸ್‌ವರ್ಡ್ ಮರೆತಿರಾ?’

ನಿಮ್ಮ ಸಮಯದ ದೊಡ್ಡ ಪಾಲು ಇಲ್ಲಿಗೆ ಮೀಸಲಿಡಿ. ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳಿಸಿದರೆ, ಅದನ್ನು ಮರಳಿ ಓದುವಂತೆ ಇಟ್ಟಿದ್ದಾರೆ ಎಂದರ್ಥ. ಕೊಂಡಿ ಬಂದರೆ ಹೀಗೆ ಮಾಡಿ: ಅದರಿಂದ ಪಾಸ್‌ವರ್ಡ್ ಬದಲಿಸಿ, ಅದೇ ಕೊಂಡಿಯನ್ನು ಇನ್ನೊಮ್ಮೆ ಒತ್ತಿ, ಕೆಲಸ ಮಾಡಬಾರದು. ಎರಡು ಸಲ ಕೋರಿಕೆ ಕಳಿಸಿ ಮೊದಲು ಬಂದ ಕೊಂಡಿಯನ್ನು ಬಳಸಿ, ಅದೂ ಸತ್ತಿರಬೇಕು. ಒಂದನ್ನು ಮರುದಿನಕ್ಕೆ ಇಟ್ಟುಕೊಂಡು ನೋಡಿ, ಅದೂ ಕೆಲಸ ಮಾಡಬಾರದು. ಆಮೇಲೆ ಮುಖ್ಯವಾದದ್ದು: ಮೊದಲ ಖಾತೆಗೆ ಬಂದ ಕೊಂಡಿಯಿಂದ ಹೊಸ ಪಾಸ್‌ವರ್ಡ್ ಕಳಿಸುವಾಗ ಕೋರಿಕೆಯಲ್ಲಿರುವ ಇಮೇಲನ್ನು ಎರಡನೆಯ ಖಾತೆಯದ್ದಕ್ಕೆ ತಿದ್ದಿ. ಎರಡನೆಯ ಖಾತೆಯ ಪಾಸ್‌ವರ್ಡ್ ಬದಲಾದರೆ ತಾಣದಲ್ಲಿ ಯಾರ ಖಾತೆಯೂ ಸುರಕ್ಷಿತವಲ್ಲ.

ಕೋರಿಕೆಯ ತಲೆಬರಹದಲ್ಲಿ ಹೋಸ್ಟ್ ಎಂಬ ಸಾಲಿರುತ್ತದೆ. ಅಲ್ಲಿ ತಾಣದ ಹೆಸರು ಬದಲಿಸಿ ಕಳಿಸಿ. ಇಮೇಲ್‌ಗೆ ಬರುವ ಕೊಂಡಿಯಲ್ಲೂ ಆ ಹೆಸರೇ ಬಂದರೆ, ಕೊಂಡಿಯೊಳಗಿನ ಗುಟ್ಟಿನ ಸಂಕೇತವಾದ ಟೋಕನ್ ಕಳ್ಳರ ಸರ್ವರ್‌ಗೆ ಹೋಗುವ ದಾರಿ ತೆರೆದಿದೆ.

ಒಟಿಪಿ ಬಳಸುವ ತಾಣವಾದರೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸರ್ವರ್‌ನ ಉತ್ತರ ಓದಿ. ಮೊಬೈಲ್‌ಗೆ ಹೋಗಬೇಕಾದ ಒಟಿಪಿ ಅಲ್ಲೇ ಬಿದ್ದಿರುವುದುಂಟು; ಡೆವಲಪರ್ ತನ್ನ ಅನುಕೂಲಕ್ಕೆ ಹಾಕಿಕೊಂಡು ತೆಗೆಯಲು ಮರೆತದ್ದು. ತಪ್ಪು ಒಟಿಪಿಗೆ ‘ಫಾಲ್ಸ್’ ಎಂದು ಬಂದ ಉತ್ತರವನ್ನು ಝಾಪ್‌ನಲ್ಲಿ ‘ಟ್ರೂ’ ಎಂದು ತಿದ್ದಿ, ಪುಟ ಮುಂದೆ ಬಿಡುತ್ತದೆಯೇ ನೋಡಿ. 4 ಅಂಕಿಯದ್ದಾದರೆ ಸಾಧ್ಯತೆಗಳು 10,000 ಮಾತ್ರ. ತಪ್ಪು ಪ್ರಯತ್ನಗಳಿಗೆ ಮಿತಿ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಇದನ್ನೆಲ್ಲ ಮೊಬೈಲ್ ಆ್ಯಪ್ ಬಳಸುವ ಎಪಿಐ ಮೇಲೂ ಮತ್ತೊಮ್ಮೆ ಮಾಡಿ.

6. ಲಾಗ್‌ಔಟ್ ಆದಮೇಲೆ

ಎರಡು ಬ್ರೌಸರ್‌ನಲ್ಲಿ ಒಂದೇ ಖಾತೆ ತೆರೆದು ಒಂದರಲ್ಲಿ ಪಾಸ್‌ವರ್ಡ್ ಬದಲಿಸಿ. ಹಳೆಯದನ್ನು ಕೇಳದೆ ಬದಲಿಸಲು ಬಿಟ್ಟರೆ ದೋಷ. ಇನ್ನೊಂದು ಬ್ರೌಸರ್ ಹೊರಬೀಳದಿದ್ದರೂ ದೋಷ. ಕುಕಿಯಲ್ಲಿರುವ ಸೆಷನ್ ಸಂಖ್ಯೆ ಲಾಗಿನ್‌ಗೆ ಮುಂಚೆ ಒಂದು, ಆಮೇಲೆ ಇನ್ನೊಂದು ಆಗಿರಬೇಕು. ಆ ಕುಕಿಯನ್ನು ನಕಲು ಮಾಡಿಟ್ಟು, ಲಾಗ್‌ಔಟ್ ಆಗಿ, ಮತ್ತೆ ಅದನ್ನೇ ಅಂಟಿಸಿ ಪುಟ ತೆರೆಯಿರಿ. ಒಳಗೆ ಬಿಟ್ಟರೆ ಲಾಗ್‌ಔಟ್ ಬರೀ ತೋರಿಕೆಯದ್ದು.

ವರದಿ

ಪ್ರತಿ ದೋಷಕ್ಕೂ ಮಾಡಿದ ಹೆಜ್ಜೆ, ಬರಬೇಕಿದ್ದ ಉತ್ತರ, ಬಂದ ಉತ್ತರ ಬರೆಯಿರಿ. ಸ್ಕ್ರೀನ್‌ಶಾಟ್‌ನಲ್ಲಿ ಟೋಕನ್, ಕುಕಿ ಮರೆಮಾಡಿ. ವರದಿ ಎಷ್ಟು ಜನರ ವಾಟ್ಸ್‌ಆ್ಯಪ್ ಸುತ್ತುತ್ತದೋ ಹೇಳಲಾಗದು. ದುರಸ್ತಿಯಾದ ಮೇಲೆ ಅದೇ ಹೆಜ್ಜೆಗಳನ್ನು ಇನ್ನೊಮ್ಮೆ ನಡೆಸಿ. ಪರೀಕ್ಷೆಯ ನಡುವೆ, ಇದೇ ಕಿಂಡಿಯಿಂದ ಬೇರೆಯವರು ಮೊದಲೇ ಒಳಬಂದು ಹೋಗಿದ್ದಾರೆ ಎನ್ನುವ ಕುರುಹು ಲಾಗ್‌ನಲ್ಲಿ ಕಂಡರೆ ಕೂಡಲೇ ಸಂಸ್ಥೆಯ ಮುಖ್ಯಸ್ಥರಿಗೆ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ, ಗಮನಕ್ಕೆ ಬಂದ 6 ಗಂಟೆಯೊಳಗೆ ಅವರು ಅದಕ್ಕೆ ವರದಿ ಮಾಡಬೇಕಾಗುತ್ತದೆ.